ಮಿನಿ ಲೇತ್‌ಗೆ 125ರ ಚಕ್ ತಗೊಳ್ಳಿ ಅಂದ್ರೆ ಅಲ್ಲಿಂದ ಎದ್ದು ಬನ್ನಿ

ಚಿಕ್ಕ ಲೇತ್ (ಲೋಹದ ತುಂಡನ್ನು ತಿರುಗಿಸಿ ಕಡೆಯುವ ಮೆಷಿನ್) ಇಟ್ಟುಕೊಂಡು ಹೊಸ ಚಕ್ (ಆ ತುಂಡನ್ನು ಹಿಡಿದು ತಿರುಗುವ ಭಾಗ) ಹುಡುಕುತ್ತಿರುವವರು ದಯವಿಟ್ಟು ಓದಿ. ಕೋಪ ಇನ್ನೂ ಆರಿಲ್ಲ, ಬರಹ ಹೇಗೇಗೋ ಇದ್ದರೆ ಸಹಿಸಿಕೊಳ್ಳಿ.

ನನ್ನದು 180 ಮಿ.ಮೀ. ಸ್ವಿಂಗ್‌ನ ಮಿನಿ ಲೇತ್, ಅಂದರೆ ಬೆಡ್ (ಕೆಳಗಿನ ಹಳಿ) ಮೇಲೆ ತಿರುಗಬಲ್ಲ ಅತಿ ದೊಡ್ಡ ವ್ಯಾಸ 180. ಮುಂದಿನ ಅಳತೆಗಳೂ ಎಲ್ಲ ಮಿ.ಮೀ.ನಲ್ಲೇ. ಜೊತೆಗೆ ಬಂದಿದ್ದು 80ರ ತ್ರೀ ಜಾ (ಮೂರು ದವಡೆಯ) ಚಕ್. ಅದರ ತೂತು ಬರೀ 16. ಸ್ಪಿಂಡಲ್ (ಚಕ್ ತಿರುಗಿಸುವ ಟೊಳ್ಳು ದಂಡ) ತೂತು 20 ಇದ್ದರೂ 18ರ ರಾಡ್ ಒಳಗೆ ಹೋಗಲ್ಲ. ಅದಕ್ಕೇ 100ರ ಚಕ್ ಬೇಕಿತ್ತು, ಅದರಲ್ಲಿ 22ರ ತೂತು ಸಿಗುತ್ತೆ.

ಬೆಂಗಳೂರಿನ ಎಸ್‌ಪಿ ರೋಡ್ ಕಡೆ ಒಂದು ಅಂಗಡಿಗೆ ಹೋದೆ. ಸ್ಪಿಂಡಲ್ ಮೂತಿ (ಚಕ್ ಕೂರುವ ಉಬ್ಬು) 55, ಮೂರು ಬೋಲ್ಟ್ ತೂತು 66ರ ಸರ್ಕಲ್ ಮೇಲೆ ಅಂತ ಚೀಟಿಯಲ್ಲಿ ಬರೆದೇ ಕೊಟ್ಟೆ. ಚೀಟಿ ನೋಡಿದ ಹಾಗೆ ಮಾಡಿ, "100 ಯಾಕೆ ಸಾರ್, 125 ತಗೊಳ್ಳಿ. ರೇಟ್ ಸ್ವಲ್ಪವೇ ಜಾಸ್ತಿ. ಡೈರೆಕ್ಟ್ ಕೂರುತ್ತೆ" ಅಂದ. ಕೂರದಿದ್ದರೆ? "ವಾಪಸ್ ತನ್ನಿ ಸಾರ್, ನಾವೆಲ್ಲಿ ಓಡಿ ಹೋಗ್ತೀವಿ!"

ನಂಬಿ 125 ತಗೊಂಡೆ. ಮನೆಗೆ ಬಂದು ಗ್ರೀಸ್ ಒರೆಸಿ ಚಕ್ ಹಿಂಭಾಗಕ್ಕೆ ವರ್ನಿಯರ್ (ಅಳತೆ ಮಾಪಕ) ಇಟ್ಟೆ. ಮೂತಿ ಕೂರಬೇಕಾದ ಗುಳಿ 95. ಬೋಲ್ಟ್ ತೂತುಗಳು 108ರಲ್ಲಿ. ನನ್ನ 55ರ ಮೂತಿಗೆ ಹಿಡಿದರೆ ಮಗುವಿನ ತಲೆಗೆ ಅಪ್ಪನ ಹೆಲ್ಮೆಟ್ ಹಾಕಿದ ಹಾಗೆ ಲೊಡಲೊಡ. ಡೈರೆಕ್ಟ್ ಅಂತೆ, ಡೈರೆಕ್ಟ್!

ಫೋನ್ ಮಾಡಿದರೆ, "ಬ್ಯಾಕ್ ಪ್ಲೇಟ್ ಹಾಕಿಸ್ಕೊಳ್ಳಿ ಸಾರ್, ಎಲ್ಲರೂ ಹಂಗೇ ಮಾಡ್ತಾರೆ." ಬ್ಯಾಕ್ ಪ್ಲೇಟ್ ಅಂದರೆ ಚಕ್ಕಿಗೂ ಸ್ಪಿಂಡಲ್‌ಗೂ ನಡುವೆ ಹಾಕುವ ಹೊಂದಾಣಿಕೆಯ ತಟ್ಟೆ. ಮತ್ತೆ ಡೈರೆಕ್ಟ್ ಅಂದಿದ್ದು? "ಬ್ಯಾಕ್ ಪ್ಲೇಟ್ ಇದ್ರೆ ಡೈರೆಕ್ಟೇ ಅಲ್ವಾ?" ವಾಪಸ್ ತಗೊಳ್ಳಿ ಅಂದೆ. "ಗ್ರೀಸ್ ಒರೆಸಿದೀರಲ್ಲ ಸಾರ್, ಅದು ಯೂಸ್ ಆದ ಮಾಲು." ಗ್ರೀಸ್ ಒರೆಸದೆ ಅಳತೆ ಹೇಗೆ ನೋಡೋದು ಮಾರಾಯ? ಬಿಲ್ ತೆಗೆದು ನೋಡಿದರೆ ಸುಮ್ನೆ 'ಮೆಷಿನ್ ಸ್ಪೇರ್ಸ್' ಅಂತಿದೆ. ಸೈಜೂ ಇಲ್ಲ, ಏನೂ ಇಲ್ಲ.

ಪೀಣ್ಯದಲ್ಲಿ ಪರಿಚಯದ ಟರ್ನರ್ ಹತ್ತಿರ ಬ್ಯಾಕ್ ಪ್ಲೇಟ್ ಮಾಡಿಸೋಕೆ ಒಯ್ದೆ. ಅವರು ನಕ್ಕುಬಿಟ್ಟರು, ಅಲ್ಲಿದ್ದ ಹುಡುಗರೂ ನಕ್ಕರು. "ನಿಮ್ಮ ಮೆಷಿನ್‌ನಲ್ಲಿ ಕ್ರಾಸ್ ಸ್ಲೈಡ್ ಮೇಲಿನ ಸ್ವಿಂಗ್ ಎಷ್ಟು?" ಅಂದರು. ಕ್ರಾಸ್ ಸ್ಲೈಡ್ ಅಂದರೆ ಉಳಿ ಹೊತ್ತು ಅಡ್ಡಡ್ಡ ಸರಿಯುವ ಭಾಗ. 110 ಅಂದೆ. "ಚಕ್ಕೇ 125. ಸ್ಲೈಡ್ ಅದರ ಕೆಳಗೆ ಹೋಗೋದು ಹೇಗೆ? ಇನ್ನು ಜಾ ಹೊರಗೆ ಬಿಟ್ಟರೆ ಬೆಡ್‌ಗೇ ಬಡಿಯುತ್ತೆ." ಮುಖ ಎಲ್ಲಿಡಲಿ ಅನ್ನಿಸಿತು. ಸೈಜ್ ಬರೆದುಕೊಟ್ಟವನು ನಾನು, ನಗೆಪಾಟಲಾದವನೂ ನಾನೇ.

180 ಸ್ವಿಂಗ್‌ಗೆ 80 ಇಲ್ಲಾ 100, ಅಷ್ಟೇ. 100ಕ್ಕೂ ಸಾಮಾನ್ಯವಾಗಿ ಗುಳಿ 72, ಬೋಲ್ಟ್ 84, ಹಾಗಾಗಿ ಬ್ಯಾಕ್ ಪ್ಲೇಟ್ ಬೇಕೇ ಬೇಕು. ಅದರ ದುಡ್ಡೂ ಲೆಕ್ಕಕ್ಕೆ ಹಿಡಿಯಿರಿ. ವರ್ನಿಯರ್ ಜೇಬಲ್ಲಿಟ್ಟುಕೊಂಡು ಹೋಗಿ, ಅಂಗಡಿಯಲ್ಲೇ ಗ್ರೀಸ್ ಒರೆಸಿ ಅಳೆಯಿರಿ. ಬೇಡ ಅಂದರೆ ಎದ್ದು ಬನ್ನಿ. ಬಿಲ್ಲಿನಲ್ಲಿ ಸೈಜ್ ಬರೆಸಿ.

ಆ 125 ಇನ್ನೂ ನನ್ನ ಟೇಬಲ್ ಕೆಳಗೇ ಇದೆ. ದೊಡ್ಡ ಲೇತ್ ಇರುವವರಿಗೆ ಬೇಕಿದ್ದರೆ ಹೇಳಿ, ಸಿಕ್ಕಷ್ಟಕ್ಕೆ ಕೊಡ್ತೀನಿ. ಗ್ರೀಸ್ ಮಾತ್ರ ಇಲ್ಲ.