‘ಸ್ಕಮ್’: ಎ ಸೈಡ್ ಜೋರು, ಬಿ ಸೈಡ್ ಬರೀ ಓಟ

ಗ್ರೈಂಡ್‌ಕೋರ್, ಅಂದ್ರೆ ಪಂಕ್ ಮತ್ತು ಮೆಟಲ್ ಬೆರೆತ ಅತಿ ವೇಗದ, ಕೂಗಾಟದ ಸಂಗೀತ, ತಲೆಬುಡ ಇಲ್ಲದ ಗದ್ದಲ ಅಂತ ಬೈಯುವವರಿಗೆ ನಾನು ಕೇಳಿಸುವುದು ನೇಪಾಮ್ ಡೆತ್ ಬ್ಯಾಂಡಿನ ಮೊದಲ ಆಲ್ಬಮ್ ‘ಸ್ಕಮ್’. ಅದರ ಮೊದಲ ಹಾಡು ‘ಮಲ್ಟಿನ್ಯಾಷನಲ್ ಕಾರ್ಪೊರೇಷನ್ಸ್’ನಲ್ಲಿ ವೇಗವೇ ಇಲ್ಲ. ಗಿಟಾರ್ ಗುಂಯ್ ಅನ್ನುತ್ತಾ ನಿಂತಿರುತ್ತದೆ, ಸಿಂಬಲ್‌ಗಳು ಸದ್ದು ಮಾಡುತ್ತವೆ, ಅದರ ಮೇಲೆ ದೊಡ್ಡ ಕಂಪನಿಗಳಿಗೆ ಶಾಪ. ಒಂದು ನಿಮಿಷದಲ್ಲಿ ಮುಗಿಯುತ್ತದೆ. ಮಿಕ್ಕದ್ದೆಲ್ಲ ಆಮೇಲೆ.

ನಾನು ಗಣೇಶನ ಹಬ್ಬಕ್ಕೆ, ಊರ ಜಾತ್ರೆಗೆ ಆರ್ಕೆಸ್ಟ್ರಾ ಕಟ್ಟಿದಾಗ ಸೌಂಡ್ ಮಿಕ್ಸರ್ ಮುಂದೆ ಕೂರುವವನು. ಮೈಕ್ ಕುಯ್ ಅಂದ್ರೆ ಇಡೀ ಪೆಂಡಾಲ್ ನನ್ನ ಕಡೆ ತಿರುಗುತ್ತದೆ. ಇವರು ಅದೇ ಕುಯ್ ಸದ್ದನ್ನು ಬೇಕಂತಲೇ ಇಟ್ಟುಕೊಂಡು ಹಾಡು ಕಟ್ಟಿದ್ದಾರೆ. ಮೊದಲ ಸಲ ಕೇಳಿದಾಗ ಕೈ ತಾನಾಗಿ ಸದ್ದು ಇಳಿಸುವ ಫೇಡರ್ ಹುಡುಕಿತ್ತು!

ಇವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಡೆಯ ಹುಡುಗರು. ಮಾರ್ಗರೆಟ್ ಥ್ಯಾಚರ್ ಪ್ರಧಾನಿಯಾಗಿದ್ದ ಕಾಲ ಅದು. ಕಾರ್ಖಾನೆಗಳು ಮುಚ್ಚುತ್ತಿದ್ದವು, ಕೆಲಸ ಇರಲಿಲ್ಲ. ನಾಟಿಂಗ್‌ಹ್ಯಾಮ್‌ನ ಇಯರೇಕ್ ಎಂಬ ರೆಕಾರ್ಡ್ ಕಂಪನಿ 1987ರಲ್ಲಿ ಇದನ್ನು ಹೊರತಂದಿತು. 28 ಹಾಡು, ಒಟ್ಟು 33 ನಿಮಿಷದಷ್ಟು. ಆದರೆ ಇದು ಒಂದೇ ಬ್ಯಾಂಡಿನ ಆಲ್ಬಮ್ ಅನ್ನುವುದು ಕಷ್ಟ. ಎ ಸೈಡ್, ಅಂದ್ರೆ ತಟ್ಟೆಯ ಮೊದಲ ಮುಖ, ರೆಕಾರ್ಡ್ ಆಗಿದ್ದು 1986ರ ಆಗಸ್ಟ್‌ನಲ್ಲಿ. ಅದರಲ್ಲಿ ನಿಕ್ ಬುಲೆನ್ ಹಾಡುತ್ತಾರೆ, ಬಾಸ್ ಕೂಡ ಅವರದೇ. ಗಿಟಾರ್ ಜಸ್ಟಿನ್ ಬ್ರಾಡ್ರಿಕ್. ಬಿ ಸೈಡ್ 1987ರ ಮೇ ತಿಂಗಳದ್ದು. ಅಷ್ಟರಲ್ಲಿ ಇಬ್ಬರೂ ಹೋಗಿದ್ದರು. ಹಾಡಲು ಲೀ ಡೋರಿಯನ್, ಗಿಟಾರಿಗೆ ಬಿಲ್ ಸ್ಟಿಯರ್, ಬಾಸ್‌ಗೆ ಜಿಮ್ ವೈಟ್ಲಿ ಬಂದರು. ಎರಡೂ ಕಡೆ ಇರುವವರು ಡ್ರಮ್ಮರ್ ಮಿಕ್ ಹ್ಯಾರಿಸ್ ಒಬ್ಬರೇ.

ನನ್ನ ವೋಟು ಕಣ್ಣುಮುಚ್ಚಿ ಎ ಸೈಡಿಗೆ. ಕಾರಣ ಅದರ ನಿಧಾನ. ‘ಸ್ಕಮ್’ ಅನ್ನುವ ಹಾಡನ್ನೇ ತಗೊಳ್ಳಿ. ಭಾರವಾಗಿ ಶುರುವಾಗುತ್ತದೆ, ಕಾಲು ಅಲ್ಲಾಡಿಸುವಂಥ ಗಿಟಾರ್ ಪಟ್ಟು ಇದೆ. ನೀವು ಅದಕ್ಕೆ ಒಗ್ಗಿಕೊಂಡ ಮೇಲೆ ಹ್ಯಾರಿಸ್ ಬ್ಲಾಸ್ಟ್ ಬೀಟ್ ಬಿಡುತ್ತಾರೆ. ಅಂದ್ರೆ ಕೋಲಿನಿಂದ ಬಾರಿಸುವ ಸ್ನೇರ್ ಡ್ರಮ್, ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಎರಡನ್ನೂ ಒಂದರ ಹಿಂದೆ ಒಂದು, ಎಣಿಸಲು ಆಗದಷ್ಟು ಬೇಗ ಬಾರಿಸುವುದು. ಬಾಗಿಲ ಮೇಲೆ ಆಲಿಕಲ್ಲು ಬಿದ್ದ ಹಾಗೆ. ಮೊದಲು ನಿಧಾನ ಇದ್ದದ್ದಕ್ಕೇ ಆ ಏಟಿಗೆ ಬೆಲೆ. ‘ಸೀಜ್ ಆಫ್ ಪವರ್’ ಅಂತೂ ಸುಮಾರು ನಾಲ್ಕು ನಿಮಿಷ ಓಡುತ್ತದೆ, ಇವರ ಲೆಕ್ಕದಲ್ಲಿ ಅದು ಪುರಾಣ.

ರೆಕಾರ್ಡಿಂಗ್ ಚೆನ್ನಾಗಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಎ ಸೈಡಿಗೆ 50 ಪೌಂಡ್ ಖರ್ಚಾಯಿತು ಅನ್ನುತ್ತಾರೆ, ಅದು ಕೇಳಿಸುತ್ತದೆ ಕೂಡ. ಬಾಸ್ ಗಿಟಾರ್ ಕೆಟ್ಟ ಮೋಟರಿನ ಥರ ಗರಗರ ಅನ್ನುತ್ತದೆ. ನನ್ನ ಟೇಬಲ್ ಮೇಲೆ ಇದ್ದಿದ್ದರೆ ಕಿಕ್ ಡ್ರಮ್ ಸ್ವಲ್ಪ ಎತ್ತುತ್ತಿದ್ದೆ. ಆ ಗರಗರ ಮಾತ್ರ ಮುಟ್ಟುತ್ತಿರಲಿಲ್ಲ.

ಎ ಸೈಡ್ ಮುಗಿಯುವುದು ‘ಯೂ ಸಫರ್’ ಎಂಬ ಹಾಡಿನಿಂದ. 1.316 ಸೆಕೆಂಡ್. ಜಗತ್ತಿನ ಅತಿ ಚಿಕ್ಕ ಹಾಡು ಅಂತ ಗಿನ್ನೆಸ್ ದಾಖಲೆ ಸೇರಿದೆ. ಜನ ಈ ಆಲ್ಬಮ್ ಬಗ್ಗೆ ಮಾತಾಡಿದರೆ ಇದೊಂದನ್ನೇ ಹೇಳಿ ನಗುತ್ತಾರೆ. ತಮಾಷೆಯೇ, ಇಲ್ಲ ಅನ್ನಲ್ಲ. ಆದರೆ ಅದನ್ನಷ್ಟೇ ಹುಡುಕಿ ಕೇಳಿ ಬಿಟ್ಟವರು ಆಲ್ಬಮ್ ಕೇಳಿದ ಹಾಗಲ್ಲ.

ಬಿ ಸೈಡಿನಲ್ಲಿ 16 ಹಾಡು, ಎಲ್ಲ ಒಂದೇ ಉಸಿರು. ಡೋರಿಯನ್ ಗಂಟಲು ಭಯಂಕರ, ನೆಲದಡಿಯಿಂದ ಬಂದಂತಿದೆ. ಆದರೆ ಯಾವ ಹಾಡು ಎಲ್ಲಿ ಮುಗಿಯಿತು, ಯಾವುದು ಶುರುವಾಯಿತು ಗೊತ್ತಾಗಲ್ಲ. ನಿಲ್ಲುವ ಜಾಗವೇ ಇಲ್ಲದೆ ವೇಗ ಅನ್ನುವುದು ಎಲ್ಲಿ ತಿಳಿಯುತ್ತೆ ಹೇಳಿ? ಗೆಳೆಯರಲ್ಲಿ ಇದನ್ನೇ ಮೆಚ್ಚುವವರಿದ್ದಾರೆ, ಜಗಳವೂ ಆಗಿದೆ.

ಕೆಣಕುವ ವಿಷಯಕ್ಕೆ ಬಂದರೆ, ಕೂಗಾಟಕ್ಕಿಂತ ಆಲ್ಬಮ್ಮಿನ ಹೊದಿಕೆ ಜಾಸ್ತಿ ಕೆಣಕುತ್ತದೆ. ಕಾರ್ಕಸ್ ಬ್ಯಾಂಡಿನ ಜೆಫ್ ವಾಕರ್ ಬರೆದ ಚಿತ್ರ. ಸೂಟು ಹಾಕಿದವರು, ಹಸಿದ ಜನ, ತಲೆಬುರುಡೆಗಳು, ಜೊತೆಗೆ ನಮ್ಮ ಅಂಗಡಿ ಬೀದಿಯಲ್ಲೂ ಕಾಣುವ ಕಂಪನಿಗಳ ಗುರುತುಗಳು. ಹಾಡಿನ ಮಾತು ಕಿವಿಗೆ ಬೀಳುವುದೇ ಇಲ್ಲ, ಹಾಗಾಗಿ ಸಾಹಿತ್ಯದ ಹಾಳೆ ಕೈಯಲ್ಲಿ ಹಿಡಿದು ಕೇಳಿ. ಸಿಟ್ಟು ಸುಮ್ನೆ ಸಿಟ್ಟಲ್ಲ, ಯಾರ ಮೇಲೆ ಅನ್ನುವುದು ಅಲ್ಲಿ ಸ್ಪಷ್ಟವಾಗಿದೆ.

ಕೊಳ್ಳುವುದಾದರೆ ಇಯರೇಕ್‌ನವರ ‘ಫುಲ್ ಡೈನಮಿಕ್ ರೇಂಜ್’ ಆವೃತ್ತಿ ಹುಡುಕಿ, ಅದರಲ್ಲಿ ಮೆಲ್ಲಗಿನ ಸದ್ದು, ಜೋರು ಸದ್ದು ಎರಡನ್ನೂ ಹಿಂಡಿ ಒಂದೇ ಮಟ್ಟಕ್ಕೆ ತಂದಿಲ್ಲ. ಮೊಬೈಲ್ ಸ್ಪೀಕರ್‌ನಲ್ಲಿ ದಯವಿಟ್ಟು ಬೇಡ, ಶಫಲ್ ಕೂಡ ಬೇಡ. ಎ ಸೈಡ್ ಹಿಡಿಸಿದರೆ ಬ್ರಾಡ್ರಿಕ್ ಆಮೇಲೆ ಕಟ್ಟಿದ ಗಾಡ್‌ಫ್ಲೆಶ್ ಬ್ಯಾಂಡಿನ ಕಡೆ ಹೋಗಿ. ಬಿ ಸೈಡ್ ಹಿಡಿಸಿದರೆ ಬಿಲ್ ಸ್ಟಿಯರ್ ಇದ್ದ ಕಾರ್ಕಸ್ ಇದೆ, ಆಗ ನಿಮಗೂ ನನಗೂ ಜಗಳ ಗ್ಯಾರಂಟಿ.