ಮಕ್ಕಳು, ನಾಯಿ ಇರುವ ಮನೆಗೆ ಅಗ್ನಿಶಿಖೆ ಬಳ್ಳಿ ತರಬೇಡಿ

ಕಲಬುರಗಿಯಲ್ಲಿ ಹೂವಿನ ಗಿಡ ಕೊಳ್ಳುವವರೆಲ್ಲ ದಯವಿಟ್ಟು ಇದನ್ನು ಪೂರ್ತಿ ಓದಿ. ಅಗ್ನಿಶಿಖೆ ಬಳ್ಳಿ ವಿಷ. ಗೌರಿ ಹೂವು ಅಂತಲೂ ಕರೆಯುತ್ತಾರೆ. ಕೆಂಪು, ಹಳದಿ ಎಸಳು ಉರಿಯ ಹಾಗೆ ಮೇಲಕ್ಕೆ ತಿರುಗಿರುತ್ತವೆ. ಎಲೆಯ ತುದಿಯೇ ಸುರುಳಿಯಾಗಿ ಗ್ರಿಲ್ ಹಿಡಿದು ಹತ್ತುತ್ತದೆ. ನೋಡಲು ತುಂಬಾ ಚಂದ. ಅದಕ್ಕೇ ಎಲ್ಲರೂ ಒಯ್ಯುತ್ತಾರೆ.

ನಾನು ಮಳೆಗಾಲದಲ್ಲಿ ಇಲ್ಲಿನ ಒಂದು ನರ್ಸರಿಯಿಂದ ತಂದೆ. ಸುಮ್ನೆ ತಂದಿದ್ದಲ್ಲ, ಕೇಳಿ ತಂದಿದ್ದು. "ಮನ್ಯಾಗ ಸಣ್ಣ ಕೂಸು ಅದ, ನಾಯಿ ಅದ, ಏನರ ತ್ರಾಸ ಆಗ್ತದೇನ್ರಿ?" ಅಂತ ಬಾಯಿ ಬಿಟ್ಟು ಕೇಳಿದ್ದೆ. "ಏನೂ ಆಗಂಗಿಲ್ರಿ ಅಕ್ಕಾ. ದೇವರಿಗಿ ಏರಿಸೋ ಹೂವು ಅದ, ಯಾಕ್ ಅಂಜ್ತೀರಿ?" ಅಂದರು. ದೇವರ ಹೆಸರು ಹೇಳಿದ ಮೇಲೆ ಯಾರು ತಾನೇ ಮತ್ತೆ ಕೇಳುತ್ತಾರೆ?

ಚಳಿಗಾಲದಲ್ಲಿ ಬಳ್ಳಿ ಒಣಗಿತು. ಫೋನ್ ಮಾಡಿದೆ. "ಗಡ್ಡಿ ಅಗದು ಒಣಾ ಜಾಗದಾಗ ಇಡ್ರಿ, ಮಳಿ ಬಂದ ಮ್ಯಾಲ ಮತ್ತ ಹಚ್ರಿ" ಅಂದರು. ಗಡ್ಡೆಯ ಬಗ್ಗೆ ಇಷ್ಟು ಹೇಳಿದವರು ಅದು ವಿಷ ಅನ್ನುವ ಒಂದು ಮಾತು ಹೇಳಲಿಲ್ಲ. ಒಂದೇ ಒಂದು ಮಾತು!

ಗಡ್ಡೆ ಅಗೆದು ಕಟ್ಟೆಯ ಮೇಲೆ ಚೀಲ ಹಾಸಿ ಹರಡಿದ್ದೆ. ಅವು ನೋಡಲು ಥೇಟ್ ಗೆಣಸು. ಶಿವರಾತ್ರಿ ಹತ್ತಿರ ಇತ್ತು, ಬಜಾರಿನ ತುಂಬಾ ಗೆಣಸು. ನಮ್ಮ ಅತ್ತೆ ಅದನ್ನು ನೋಡಿ, "ಉಪವಾಸಕ್ಕ ಈಗೇ ಗೆಣಸು ತಂದೇನು?" ಅಂದರು. ತೊಳೆದು ಕುದಿಸಲು ಎರಡು ಆರಿಸಿಯೂ ಇಟ್ಟಿದ್ದರು. ಬರೆಯುವಾಗ ಈಗಲೂ ಕೈ ನಡುಗುತ್ತದೆ. ಕುದಿಸಿದರೂ ಅದರ ವಿಷ ಹೋಗುವುದಿಲ್ಲ. ಗೆಣಸು ಅಂದುಕೊಂಡು ಬೇಯಿಸಿ ತಿಂದು ಸತ್ತವರಿದ್ದಾರೆ.

ಅತ್ತೆಯಿಂದ ಗಡ್ಡೆ ಕಸಿದು ಇಟ್ಟೆವು. ಆದರೆ ಅಷ್ಟರಲ್ಲೇ ನಮ್ಮ ನಾಯಿ ರಾಜಾ ಒಂದನ್ನು ಕಡಿದು ತಿಂದಿದ್ದ. ಸಂಜೆವರೆಗೂ ಆಡಿಕೊಂಡೇ ಇದ್ದ. ರಾತ್ರಿ ವಾಂತಿ ಶುರುವಾಯಿತು, ಆಮೇಲೆ ರಕ್ತ ಭೇದಿ. ಪಶು ಡಾಕ್ಟರು ಗಡ್ಡೆ ನೋಡಿದರು, ಮೊಬೈಲಿನಲ್ಲಿದ್ದ ಹೂವಿನ ಫೋಟೊ ನೋಡಿದರು, ಮುಖ ಸಣ್ಣ ಮಾಡಿದರು. ಸಲೈನ್ ಹಚ್ಚಿದರು. ರಾಜಾ ಉಳಿಯಲಿಲ್ಲ. ನನ್ನ ಮಗ ಅದೇ ಚೀಲದ ಪಕ್ಕ ಕೂತು ಆಡುತ್ತಿದ್ದ.

ಇದರಲ್ಲಿ ಇರುವುದು ಕಾಲ್ಚಿಸಿನ್ ಅನ್ನುವ ವಿಷ. ಹೂವು, ಎಲೆ, ದಂಟು ಎಲ್ಲದರಲ್ಲೂ ಇದೆ. ಗಡ್ಡೆ ಮತ್ತು ಬೀಜದಲ್ಲಿ ಜಾಸ್ತಿ. ಹೊಸ ಜೀವಕೋಶ ಹುಟ್ಟುವುದನ್ನೇ ಅದು ನಿಲ್ಲಿಸುತ್ತದೆ. ತಿಂದ ತಕ್ಷಣ ಏನೂ ಕಾಣುವುದಿಲ್ಲ, ಕೆಲವು ಗಂಟೆ ಕಳೆದ ಮೇಲೆ ವಾಂತಿ, ಭೇದಿ. ಆಮೇಲೆ ಕಿಡ್ನಿ, ಲಿವರ್, ಹೃದಯಕ್ಕೆ ಹೊಡೆತ. ಬದುಕಿ ಉಳಿದವರಿಗೂ ವಾರ, ಎರಡು ವಾರದ ಮೇಲೆ ಕೂದಲು ಉದುರುತ್ತದೆ. ಇದೇ ಕಾಲ್ಚಿಸಿನ್ ಅನ್ನು ಗೌಟ್ ಅನ್ನುವ ಕೀಲು ನೋವಿಗೆ ಮಾತ್ರೆಯಾಗಿ ಕೊಡುತ್ತಾರೆ, ಅದಕ್ಕಾಗಿ ತಮಿಳುನಾಡಿನ ರೈತರು ಈ ಬಳ್ಳಿ ಬೆಳೆಯುತ್ತಾರೆ. ಅದು ಅಳತೆ ಮಾಡಿ ಕೊಡುವ ಔಷಧಿ. ಮನೆಯ ಕುಂಡದಲ್ಲಿ ಯಾರು ಅಳತೆ ಮಾಡುತ್ತಾರೆ?

ನರ್ಸರಿಗೆ ಹೋಗಿ ಕೇಳಿದೆ. "ನಾಯಿಗಿ ತಿನಸ್ರಿ ಅಂತ ನಾ ಹೇಳೀನೇನ್ರಿ?" ಅಂದರು. ಗಿರಾಕಿಗಳು ನಿಂತಿದ್ದರು, ಅವರೆದುರೇ ಅಂದರು. ನಾಚಿಕೆಯಿಂದ ಮುಖ ಸುಟ್ಟಂತಾಯಿತು. "ಆಯುರ್ವೇದದಾಗ ಔಷಧಿ ಅದ, ಗೊತ್ತಿಲ್ಲದ ಮಾತಾಡಬ್ಯಾಡ್ರಿ" ಅಂತ ನನಗೇ ಪಾಠ. ಬೇಕಾದರೆ ಇನ್ನೊಂದು ಗಿಡ ಕೊಡುತ್ತೇನೆ ಅಂದರು. ಗಿಡ! ನಾನು ಗಿಡ ಕೇಳಲು ಹೋಗಿದ್ದೆನೇ?

ಹೊರಗೆ ಬರುವಾಗ ಅಲ್ಲೇ ನೀರು ಹಾಕುತ್ತಿದ್ದ ಹೆಣ್ಣುಮಗಳು ಮೆಲ್ಲಗೆ ಕರೆದು, "ಅದ್ರ ಗಡ್ಡಿ ನಮ್ಮ ಹುಡುಗ್ರಿಗಿ ಮುಟ್ಲಾಕ ಬಿಡಲ್ರಿ ಬಾಯಿ, ವಿಷ ಅದ ಅಂತ ಮಾಲಕರೇ ಹೇಳ್ಯಾರ" ಅಂದಳು. ಕಾಲ ಕೆಳಗಿನ ನೆಲ ಕುಸಿದಂತಾಯಿತು. ಅವರಿಗೆ ಗೊತ್ತಿತ್ತು. ತಮ್ಮ ಆಳುಗಳಿಗೆ ಹೇಳಿದ್ದಾರೆ. ನಾನು ಕೂಸಿನ ಹೆಸರು ತೆಗೆದು ಕೇಳಿದರೂ ನನಗೆ ಹೇಳಲಿಲ್ಲ. ಗೊತ್ತಿದ್ದೂ ಹೇಳಲಿಲ್ಲ.

ನಿಮ್ಮ ಮನೆಯಲ್ಲಿ ಈ ಬಳ್ಳಿ ಇದ್ದರೆ ಗಡ್ಡೆ ಸಮೇತ ಕಿತ್ತು ತೆಗೆಯಿರಿ, ಕೈಗೆ ಗ್ಲೌಸ್ ಹಾಕಿಕೊಳ್ಳಿ. ಬೀದಿಗೆ ಎಸೆಯಬೇಡಿ, ಅಲ್ಲಿ ದನ, ನಾಯಿ ತಿನ್ನುತ್ತವೆ. ಮಗು ಬಾಯಿಗೆ ಹಾಕಿಕೊಂಡಿದೆ ಅನ್ನುವ ಅನುಮಾನ ಬಂದರೂ ಸಾಕು, ಆರಾಮಾಗಿದೆ ಅಂತ ಕಾಯಬೇಡಿ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬೇಡಿ. ಬಳ್ಳಿಯ ತುಂಡು ಹಿಡಿದುಕೊಂಡು ಸೀದಾ ಆಸ್ಪತ್ರೆಗೆ ಓಡಿ, ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಕಣಗಿಲೆ, ಗುಲಗಂಜಿ ಬಳ್ಳಿ ಇದ್ದರೂ ಇದೇ ಎಚ್ಚರ ಇರಲಿ, ಅವೂ ವಿಷವೇ. ಮಾರುವವರ ಮಾತು ನಂಬಬೇಡಿ. ಆ ನರ್ಸರಿಯಲ್ಲಿ ಅಗ್ನಿಶಿಖೆಯ ಕುಂಡಗಳನ್ನು ಈಗಲೂ ಬಾಗಿಲ ಹತ್ತಿರವೇ, ಮಕ್ಕಳ ಕೈಗೆ ಸಿಗುವ ಎತ್ತರದಲ್ಲಿ ಇಟ್ಟಿದ್ದಾರೆ.