ಟ್ಯಾಕ್ಸ್ ಇಲ್ಲ, ಎಂಒಟಿ ಬೇಡ ಅಂತ ಹಳೇ ಎಂಜಿಬಿ ಕಾರ್ ತಗೊಂಡು ದಿನಾ ಆಫೀಸಿಗೆ ಓಡಿಸೋಕೆ ಹೊರಟಿದೀರಾ? ಒಂದ್ನಿಮಿಷ ನಿಲ್ಲಿ

ಹೋದ ವಾರ ಇಲ್ಲೇ ಬರ್ಮಿಂಗ್‌ಹ್ಯಾಮ್ ಕಡೆ ಇರೋ ಹುಡುಗ ಒಬ್ಬ, ನಮ್ಮ ಹಾಸನದವನೇ, ಒಂದು ಕಾರಿನ ಫೋಟೋ ಕಳಿಸಿ "ಅಣ್ಣಾ ಇದನ್ನ ತಗೊಂಡು ದಿನಾ ಆಫೀಸಿಗೆ ಓಡಿಸ್ಬಹುದಾ, ಟ್ಯಾಕ್ಸೂ ಇಲ್ವಂತೆ, ಎಂಒಟಿನೂ ಬೇಡ್ವಂತೆ" ಅಂತ ಕೇಳ್ದ. (ಎಂಒಟಿ ಅಂದ್ರೆ ಗಾಡಿ ರೋಡಿಗೆ ಇಳಿಯೋಕೆ ಸರಿಯಿದೆಯಾ ಅಂತ ಇಲ್ಲಿ ಮಾಡೋ ಟೆಸ್ಟು.) ನೋಡಿದ್ರೆ ಎಂಜಿಬಿ ಜಿಟಿ, ಕಡುಹಸಿರು ಬಣ್ಣ, ಕ್ರೋಮ್ ಬಂಪರ್. ಹೊಟ್ಟೆ ತೊಳಸಿದಂಗಾಯ್ತು ನಂಗೆ, ಯಾಕಂದ್ರೆ 2022ರಲ್ಲಿ ಇದೇ ಲೆಕ್ಕ ಹಾಕ್ಕೊಂಡು ಇದೇ ಬಾವಿಗೆ ಬಿದ್ದವನು ನಾನು. ಅವನಿಗೆ ಫೋನಲ್ಲಿ ಮುಕ್ಕಾಲು ಗಂಟೆ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ, ಇನ್ನೊಬ್ರು ಬೀಳೋದು ತಪ್ಪಲಿ ಅಂತ.

ಎಂಜಿ ಅಂದ್ರೆ ಊರಲ್ಲಿರೋರಿಗೆ ಈಗ ಹೆಕ್ಟರ್ ನೆನಪಾಗುತ್ತೆ, ಇದು ಆ ಎಂಜಿ ಅಲ್ಲ. 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್ ಫ್ಯಾಕ್ಟರಿಲಿ ಐದು ಲಕ್ಷಕ್ಕೂ ಜಾಸ್ತಿ ಮಾಡಿದ ಸಣ್ಣ ಸ್ಪೋರ್ಟ್ಸ್ ಕಾರು. 1798 ಸಿಸಿ ಇಂಜಿನ್, ಎರಡು ಎಸ್‌ಯು ಕಾರ್ಬುರೇಟರ್, ಹಿಂದಗಡೆ ಲಾರಿ ಥರ ಪಟ್ಟಿ ಸ್ಪ್ರಿಂಗು. ಜಿಟಿ ಅನ್ನೋದು ಗಟ್ಟಿ ರೂಫ್ ಇರೋ ಮಾಡೆಲ್, 1965ರಲ್ಲಿ ಬಂತು. ನಂದು 1973ರದ್ದು. 7,500 ಪೌಂಡ್ ಕೊಟ್ಟೆ.

ಯಾಕೆ ತಗೊಂಡೆ ಅಂದ್ರೆ ನಮ್ಮಪ್ಪನ ಪದ್ಮಿನಿ ಕಾರು. ಬೆಳಗ್ಗೆ ಚೋಕ್ ಎಳೆದು, ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ನಾನೂ ನಮ್ಮಣ್ಣನೂ ತಳ್ಳಿ, ಹಂಗೇ ಬೆಳೆದವರು ನಾವು, ಹಳೇ ಗಾಡಿ ಅಂದ್ರೆ ಭಯ ಇಲ್ಲ ಅನ್ನೋ ಕೊಬ್ಬು. ಆದ್ರೆ ಮರೆತಿದ್ದೇನಂದ್ರೆ ಅಪ್ಪನ ಪದ್ಮಿನಿ ಓಡ್ತಿದ್ದಿದ್ದು ಅಪ್ಪನಿಂದಲ್ಲ, ಸಂತೆಪೇಟೆ ಹತ್ರ ಇದ್ದ ಮೆಕ್ಯಾನಿಕ್ಕಿಂದ. ಫೋನ್ ಮಾಡಿದ್ರೆ ಸ್ಕೂಟರಲ್ಲಿ ಮನೆಗೇ ಬಂದು, ಟೀ ಕುಡಿದು, ಕಾರ್ಬುರೇಟರ್ ಊದಿ ಸರಿ ಮಾಡಿ ಹೋಗ್ತಿದ್ರು. ಇಲ್ಲಿ ನಮ್ಮ ರೆಡ್ಡಿಚ್ಚಲ್ಲಿ ನಂಗೆ ಸಿಕ್ಕ ಗ್ಯಾರೇಜು ಗಂಟೆಗೆ 75 ಪೌಂಡು, ಅದೂ ಮೂರು ವಾರ ಬಿಟ್ಟು ಡೇಟು.

ಇನ್ನೊಂದು ಕಾರಣ ನನ್ನ ಲೆಕ್ಕ. ಇಲ್ಲಿ 40 ವರ್ಷ ದಾಟಿದ ಗಾಡಿಯನ್ನ ಹಿಸ್ಟಾರಿಕ್ ಅಂತ ಮಾಡಿಸ್ಕೊಂಡ್ರೆ ರೋಡ್ ಟ್ಯಾಕ್ಸ್ ಸೊನ್ನೆ. 2018ರ ಮೇಯಿಂದ ಇಂಥ ಗಾಡಿಗೆ ವರ್ಷಾವರ್ಷದ ಎಂಒಟಿ ಟೆಸ್ಟೂ ಬೇಡ, ದೊಡ್ಡ ಮಾರ್ಪಾಡು ಮಾಡಿರಬಾರ್ದು ಅಷ್ಟೇ. ಬರ್ಮಿಂಗ್‌ಹ್ಯಾಮ್ ಊರೊಳಗೆ ಬೇರೆ ಹಳೇ ಗಾಡಿಯವರು ದಿನಕ್ಕೆ 8 ಪೌಂಡ್ ಕಟ್ಟೋ ಕ್ಲೀನ್ ಏರ್ ಜೋನ್ ಅನ್ನೋ ಹೊಗೆ ಶುಲ್ಕ ಇದಕ್ಕೆ ಇಲ್ಲ. ಮೇಲೆ ಇನ್ಶೂರೆನ್ಸು ವರ್ಷಕ್ಕೆ ಬರೀ 160 ಪೌಂಡು! ನನ್ನ ಹಳೇ ಟೊಯೋಟಾ ಯಾರಿಸ್ ಕಾರಿಗೆ ಅದರ ಮೂರರಷ್ಟು ಕಟ್ತಿದ್ದೆ. ಹೆಂಡತಿ "ರೀ, ಇಷ್ಟೊಂದು ಫ್ರೀ ಕೊಡ್ತಾರೆ ಅಂದ್ರೆ ಏನೋ ಇರ್ಬೇಕು" ಅಂದ್ಲು. ಕೇಳ್ಲಿಲ್ಲ.

ಮೊದಲೆರಡು ತಿಂಗಳು ಸುಳ್ಳು ಹೇಳಬಾರ್ದು ಸ್ವರ್ಗ. ಪೆಟ್ರೋಲ್ ಬಂಕಲ್ಲಿ ನಿಂತ್ರೆ ಯಾರಾದ್ರೂ ವಯಸ್ಸಾದವರು ಬಂದು ನಮ್ಮಪ್ಪನ ಹತ್ರ ಇದೇ ಇತ್ತು ಅಂತ ಹತ್ತು ನಿಮಿಷ ಮಾತಾಡೋರು, ಟಿವಿಡೇಲ್ ಬಾಲಾಜಿ ಗುಡಿ ಪಾರ್ಕಿಂಗಲ್ಲಿ ಮಕ್ಕಳೆಲ್ಲಾ ಸುತ್ತ ನಿಂತು ಫೋಟೋ. ಆ ಖುಷಿಲೇ ಯಾರಿಸ್ ಮಾರಿಬಿಟ್ಟೆ, ನೆನಪಿಟ್ಕೊಳ್ಳಿ ಇದನ್ನ, ಮುಂದೆ ಬರುತ್ತೆ.

ನವೆಂಬರ್ ಬಂತು. ಒಳಗಡೆ ಗಾಜೆಲ್ಲಾ ಮಂಜು, ಹೀಟರ್ ಅನ್ನೋದು ಯಾರೋ ಉಸಿರು ಬಿಟ್ಟಂಗೆ, ಒಂದು ಕೈಲಿ ಸ್ಟೀರಿಂಗ್ ಒಂದು ಕೈಲಿ ಬಟ್ಟೆ. ಬಾನೆಟ್ ಒಳಗಿಂದ ಪೆಟ್ರೋಲ್ ವಾಸನೆ ಬರೋಕೆ ಶುರುವಾಯ್ತು, ನೋಡಿದ್ರೆ ರಬ್ಬರ್ ಪೈಪು ಬೆವರ್ತಾ ಇದೆ. 2021ರ ಸೆಪ್ಟೆಂಬರಿಂದ ಇಲ್ಲಿ ಮಾಮೂಲಿ ಪೆಟ್ರೋಲಲ್ಲಿ 10% ತನಕ ಎಥನಾಲ್ ಇರುತ್ತೆ, ಇ10 ಅಂತ ಬರ್ದಿರುತ್ತೆ, ಹಳೇ ಪೈಪು ಸೀಲುಗಳನ್ನ ಅದು ತಿನ್ನುತ್ತೆ. ಸೂಪರ್ ಗ್ರೇಡ್ ಇ5 ಹಾಕ್ಬೇಕಿತ್ತು, ನಾನು ಕಮ್ಮಿ ರೇಟಿಂದು ಹಾಕ್ಕೊಂಡು ತಿರುಗ್ತಿದ್ದೆ. ಬಿಸಿ ಎಕ್ಸಾಸ್ಟ್ ಪಕ್ಕದಲ್ಲೇ ಪೆಟ್ರೋಲ್ ಜಿನುಗ್ತಿತ್ತು ಅಂತ ಈಗ ನೆನೆಸ್ಕೊಂಡ್ರೂ ಮೈ ನಡುಗುತ್ತೆ.

ಜನವರಿಲಿ ಎಂ42 ಮೋಟರ್‌ವೇ. ಸಂಜೆ ಆರು ಗಂಟೆ, ಮಳೆ, ಏರ್‌ಪೋರ್ಟ್ ಹತ್ರದ ಆಫೀಸಿಂದ ವಾಪಸ್ ಬರ್ತಿದ್ದೆ. ಈ ಕಾರಿನ ಪೆಟ್ರೋಲ್ ಪಂಪು ಕರೆಂಟಿಂದು, ಹಿಂದಿನ ಚಕ್ರದ ಹತ್ರ ಕೆಳಗಡೆ ಇರುತ್ತೆ, ಕೀ ತಿರುಗಿಸಿದ್ರೆ ಟಿಕ್ ಟಿಕ್ ಅನ್ನುತ್ತೆ, ಒಳಗಿನ ಪಾಯಿಂಟ್ ಸವೆದ್ರೆ ಸುಮ್ಮನಾಗುತ್ತೆ. ಸುಮ್ಮನಾಯ್ತು. ಎಂ42ರ ಆ ಭಾಗದಲ್ಲಿ 2006ರಿಂದಾನೇ ರಶ್ ಟೈಮಲ್ಲಿ ಪಕ್ಕದ ಹಾರ್ಡ್ ಶೋಲ್ಡರನ್ನೂ (ಕೆಟ್ಟ ಗಾಡಿ ನಿಲ್ಲಿಸೋ ಪಟ್ಟಿ) ಲೇನ್ ಮಾಡಿ ಬಿಡ್ತಾರೆ, ಅಂದ್ರೆ ಗಾಡಿ ಕೆಟ್ರೆ ಪಕ್ಕಕ್ಕೆ ಹೋಗೋಕೆ ಪಕ್ಕಾನೇ ಇಲ್ಲ. ಹಿಂದೆ ಲಾರಿ, ನನ್ನ ಟೈಲ್ ಲೈಟು ದೇವರ ಮನೆ ದೀಪದಷ್ಟು, ಗಾಜಿನ ಮೇಲೆ ಮೂರನೇ ಬ್ರೇಕ್ ಲೈಟ್ ಇಲ್ಲ, ಏರ್‌ಬ್ಯಾಗ್ ಇಲ್ಲ. ರಾಘವೇಂದ್ರಸ್ವಾಮಿಗಳು ದೊಡ್ಡವರು, ಇಳಿಜಾರಿತ್ತು, ಉರುಳ್ಕೊಂಡು ಹೋಗಿ ಕಿತ್ತಳೆ ಬಣ್ಣದ ಎಮರ್ಜೆನ್ಸಿ ಜಾಗ ಸೇರ್ಕೊಂಡೆ. ಒಂದೂವರೆ ಗಂಟೆ ಬೇಲಿ ಆಚೆ ಮಳೇಲಿ ನಿಂತೆ. ರಿಕವರಿಯವನು ಬಂದು ಸ್ಪ್ಯಾನರಲ್ಲಿ ಪಂಪಿಗೆ ಎರಡು ತಟ್ಟಿದ, ಟಿಕ್ ಟಿಕ್, ಸ್ಟಾರ್ಟ್! ಅವನು ನಕ್ಕ. ನಂಗೆ ನಗು ಬರ್ಲಿಲ್ಲ.

ಇಷ್ಟಾದ್ರೂ ಹೊಸ ಪಂಪ್ ಹಾಕಿಸಿ ಮತ್ತೆ ಓಡಿಸ್ದೆ ನೋಡಿ, ನನ್ನಂಥ ಮೂಢ ಇನ್ನೊಬ್ಬ ಇಲ್ಲ.

ಈಗ ಇನ್ಶೂರೆನ್ಸಿಗೆ ಬರ್ತೀನಿ, ಉಳಿದಿದ್ದೆಲ್ಲಾ ಮರೆತ್ರೂ ಇದೊಂದನ್ನ ಮರೀಬೇಡಿ. ಫೆಬ್ರವರಿಲಿ ಒಂದು ರೌಂಡಬೌಟಲ್ಲಿ ಮುಂದಿನ ಫಿಯೆಸ್ಟಾ ತಟ್ಟನೆ ನಿಲ್ತು, ನಾನು ಬ್ರೇಕ್ ಒತ್ತಿದೆ, ಎಬಿಎಸ್ ಇಲ್ಲ, ಚಕ್ರ ಲಾಕ್ ಆಗಿ ಒದ್ದೆ ರಸ್ತೇಲಿ ಜಾರ್ಕೊಂಡು ಹೋಗಿ ಗುದ್ದಿದೆ. ಯಾರಿಗೂ ಏನೂ ಆಗ್ಲಿಲ್ಲ. ಕ್ಲೇಮ್ ಮಾಡೋಣ ಅಂತ ಕಂಪನಿಗೆ ಫೋನ್ ಮಾಡಿದ್ರೆ ಆ ಹೆಣ್ಮಗಳು ಬಹಳ ಮರ್ಯಾದೆಯಿಂದ "ಎಲ್ಲಿಗೆ ಹೋಗ್ತಿದ್ರಿ ಸರ್" ಅಂದ್ಲು. ಆಫೀಸಿಗೆ ಅಂದೆ. ಅಷ್ಟೇ ಕಥೆ ಮುಗೀತು. ಕ್ಲಾಸಿಕ್ ಕಾರ್ ಪಾಲಿಸಿ ಅಷ್ಟು ಅಗ್ಗ ಯಾಕಂದ್ರೆ ಅದು ಭಾನುವಾರ ಸುತ್ತಾಡೋಕೆ ಕೊಡೋದು. ನನ್ನ ಪಾಲಿಸಿಲಿ ಆಫೀಸಿಗೆ ಹೋಗಿಬರೋದು ಸೇರಿರ್ಲಿಲ್ಲ, ದಿನಬಳಕೆಗೆ ಬೇರೆ ಕಾರು ಇರಲೇಬೇಕು ಅಂತ ಷರತ್ತು (ಯಾರಿಸ್ ಮಾರಿದ್ದೆ ಅಂದೆನಲ್ಲ), ವರ್ಷಕ್ಕೆ 5,000 ಮೈಲಿ ಮಿತಿ. ಒಂದ್ಕಡೆಗೆ 18 ಮೈಲಿ, ವಾರಕ್ಕೆ ನಾಲ್ಕು ದಿನ, ನೀವೇ ಗುಣಿಸಿ ನೋಡಿ. ಮೂರೂ ಕಡೆ ಸಿಕ್ಕಾಕೊಂಡೆ. ನನ್ನ ಕಾರಿಗೆ ಒಂದು ಪೆನ್ನಿ ಬರ್ಲಿಲ್ಲ, ಎದುರಿನವರಿಗೆ ಕೊಟ್ಟ 2,180 ಪೌಂಡನ್ನೂ ನನ್ನಿಂದಲೇ ಕಂತಲ್ಲಿ ವಸೂಲಿ ಮಾಡಿದ್ರು. ಅವರನ್ನ ಬೈಯೋಕೂ ಆಗಲ್ಲ, ಎಲ್ಲಾ ಪೇಪರಲ್ಲಿ ಇತ್ತು, ನಾನು ಓದಿರ್ಲಿಲ್ಲ. ಪೊಲೀಸ್ ಹಿಡಿದಿದ್ರೆ ಇನ್ಶೂರೆನ್ಸ್ ಇಲ್ದೆ ಓಡಿಸಿದ್ದಕ್ಕೆ 300 ಪೌಂಡ್ ದಂಡ, ಲೈಸೆನ್ಸಿಗೆ 6 ಪೆನಾಲ್ಟಿ ಪಾಯಿಂಟು. ಊರಿಂದ ಹೊಸದಾಗಿ ಬಂದು ಈಗಷ್ಟೇ ಇಲ್ಲಿನ ಟೆಸ್ಟ್ ಪಾಸ್ ಮಾಡಿರೋರು ಗಮನಿಸಿ, ಮೊದಲ ಎರಡು ವರ್ಷದಲ್ಲಿ 6 ಪಾಯಿಂಟ್ ಆದ್ರೆ ಲೈಸೆನ್ಸೇ ರದ್ದು, ಮತ್ತೆ ಎಲ್ ಬೋರ್ಡಿಂದ ಶುರು.

ಗುದ್ದಿದ್ದನ್ನ ರಿಪೇರಿ ಮಾಡೋಕೆ ಗಾಡಿ ಎತ್ತಿದಾಗ ಗ್ಯಾರೇಜಿನವನು ಕರೆದು ತೋರಿಸ್ದ. ಈ ಕಾರಿಗೆ ಬೇರೆ ಛಾಸಿ ಇಲ್ಲ, ಬಾಗಿಲ ಕೆಳಗೆ ಉದ್ದಕ್ಕೂ ಇರೋ ಸಿಲ್ ಅನ್ನೋ ಡಬ್ಬಿ ಥರದ ಭಾಗಾನೇ ಬೆನ್ನುಮೂಳೆ. ಹೊರಗಡೆ ಫಳಫಳ, ಒಳಗಡೆ ತುಕ್ಕು ಹಿಡಿದು ಹಪ್ಪಳ ಆಗಿತ್ತು. ಯಾರೋ ಕೊಳೆತ ಸಿಲ್ ತೆಗೀದೆ ಮೇಲೇ ಹೊಸ ತಗಡು ಬೆಸುಗೆ ಹಾಕಿ, ಲಪ್ಪ (ಪುಟ್ಟಿ) ಮೆತ್ತಿ, ಕರಿ ಬಳಿದು ಮುಚ್ಚಿದ್ರು. ನಾನು ಮಾಡಿದ ಘನಕಾರ್ಯ ಅಂದ್ರೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯೋ ದೇಶದಲ್ಲಿ ಅದನ್ನ ದಿನಾ 36 ಮೈಲಿ ಓಡಿಸಿದ್ದು, ಉಪ್ಪಿನಕಾಯಿ ಜಾಡಿಲಿ ಕಬ್ಬಿಣದ ಸೌಟು ಬಿಟ್ಟಂಗೆ. ಎರಡೂ ಕಡೆ ಕತ್ತರಿಸಿ ಹೊಸದು ಹಾಕೋಕೆ 5,000ಕ್ಕೂ ಮೇಲೆ ಅಂದ. ಆಮೇಲೆ ಸರ್ಕಾರದ ವೆಬ್‌ಸೈಟಲ್ಲಿ ಗಾಡಿ ನಂಬರ್ ಹಾಕಿ ನೋಡ್ದೆ, ಪುಕ್ಕಟೆ ನೋಡ್ಬಹುದು, ಕೊನೇ ಎಂಒಟಿ ಆಗಿದ್ದು 2017ರಲ್ಲಿ! ಅಂದ್ರೆ ಐದು ವರ್ಷ ಯಾರೂ ಕೆಳಗೆ ಬಗ್ಗಿ ನೋಡೇ ಇಲ್ಲ. ಎಂಒಟಿ ಬೇಡ ಅಂತ ನಾನು ಹಿಗ್ಗಿದ್ದು ಇದಕ್ಕೆ. ಬೇಡ ಅಂದ್ರೂ ನಾವಾಗೇ ಮಾಡಿಸ್ಬಹುದು, ಜಾಸ್ತಿ ಅಂದ್ರೆ 54.85 ಪೌಂಡ್. ಮಾರೋನು ಅದಕ್ಕೆ ಒಪ್ಪಲ್ಲ ಅಂದ್ರೆ ಅಲ್ಲಿಂದಲೇ ವಾಪಸ್ ಬನ್ನಿ. ಜೇಬಲ್ಲಿ ಒಂದು ಅಯಸ್ಕಾಂತ ಇಟ್ಕೊಂಡ್ಹೋಗಿ ಸಿಲ್ಲಿಗೆ ಹಿಡೀರಿ, ಅಂಟಲಿಲ್ಲ ಅಂದ್ರೆ ಅಲ್ಲಿ ಇರೋದು ಲಪ್ಪ. ಜಾಕ್ ಹಾಕಿ ಎತ್ತಿದಾಗ ಬಾಗಿಲ ಸಂದು ಕಮ್ಮಿ ಆಗುತ್ತಾ ನೋಡಿ, ಕಮ್ಮಿ ಆದ್ರೆ ಗಾಡಿ ಮಧ್ಯದಲ್ಲಿ ಬಗ್ತಿದೆ ಅಂತ ಅರ್ಥ.

ಒಂದು ವರ್ಷ ಬಾಡಿಗೆ ಗ್ಯಾರೇಜಲ್ಲಿ ನಿಲ್ಲಿಸಿ 2024ರಲ್ಲಿ ಮಾರಿದೆ. ಕೊಳ್ಳೋಕೆ ಬಂದವರು ರಿಟೈರ್ ಆಗಿರೋ ವೆಲ್ಡರ್, ಮನೇಲಿ ಇನ್ನೊಂದು ಕಾರು, ಸ್ವಂತ ಶೆಡ್ಡು. ನಾನೇ ಜಾಕ್ ಹಾಕಿ ಎತ್ತಿ ಬಾಗಿಲ ಸಂದು ತೋರಿಸ್ದೆ, ಎಲ್ಲಾ ಹೇಳ್ದೆ. ಅವರು ಕೆಳಗೆ ಮಲಗಿ ಟಾರ್ಚ್ ಬಿಟ್ಟು ಹತ್ತು ನಿಮಿಷ ನೋಡಿ ಎದ್ದು, ಕೈ ಒರೆಸ್ಕೊಂಡು 3,200 ಅಂದ್ರು. ಚೌಕಾಸಿ ಮಾಡ್ಲಿಲ್ಲ.